ಕಂಬಳಿಯೊಳಗಿನ ಹಿಟ್ಟಿಗೆ ಕಾವಲು

ನೇಪಲ್ಸ್ ಬಂದರಿನಲ್ಲಿ ಮೂವತ್ತು ವರ್ಷ ಕಂಡವರ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿ ನೋಡಿದ ಸುಂಕದ ಅಧಿಕಾರಿ ಅನಿಯೆಲ್ಲೊಗೆ ಜಗತ್ತಿನಲ್ಲಿ ಅನುಮಾನವಿಲ್ಲದ ಸಂಗತಿ ಒಂದೇ ಒಂದು: ತಾನು ಮನಸ್ಸು ಮಾಡಿದರೆ ಅತ್ತೆಗಿಂತ ಒಳ್ಳೆಯ ಪಿಜ್ಜಾ ಮಾಡಬಲ್ಲೆ ಎಂಬುದು. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಶನಿವಾರ ಅತ್ತೆ ರಾಕೇಲೆ ಮನೆಗೆ ಬಂದು ಪಿಜ್ಜಾ ಮಾಡುತ್ತಿದ್ದಳು. ಹತ್ತೊಂಬತ್ತು ವರ್ಷಗಳಿಂದ ಅವನು ಅದನ್ನು ಚಪ್ಪಲಿಯ ಅಟ್ಟೆ ಎಂದು ಹೀಗಳೆಯುತ್ತಲೇ ಮೂರು ತುಂಡು ತಿನ್ನುತ್ತಿದ್ದ. ಒಂದು ದಿನ ಹೆಂಡತಿ ನುನ್ಸಿಯಾಳ ತಾಳ್ಮೆ ತಪ್ಪಿತು.

"ಅಷ್ಟೆಲ್ಲ ಗೊತ್ತಿದ್ರೆ ನೀನೇ ಮಾಡು."

"ಮಾಡ್ತೀನಿ. ಈ ಶನಿವಾರಾನೇ. ಚೆನ್ನಾಗಿ ಬಂತೋ, ಇನ್ಮುಂದೆ ಶನಿವಾರದ ಒಲೆ ನಂದು. ನಿಮ್ಮಮ್ಮ ಸುಮ್ನೆ ಕೂತು ತಿನ್ನಬೇಕು."

"ಕೆಟ್ಟೋದ್ರೆ?"

"ಸಾಯೋವರೆಗೂ ನಿಮ್ಮಮ್ಮ ಮಾಡಿದ್ದನ್ನ ತುಟಿ ಪಿಟಕ್ಕನ್ನದೆ ತಿಂತೀನಿ."

ಶನಿವಾರ ಬೆಳಗ್ಗೆ ಅನಿಯೆಲ್ಲೊ ಹಿಟ್ಟು ಉಬ್ಬಿಸುವ ಈಸ್ಟಿನ ಪೊಟ್ಟಣ ತಂದ. ಅಡುಗೆಮನೆಯಲ್ಲಿಟ್ಟರೆ ಹೆಂಡತಿ ತವರಿನ ಮಾನ ಉಳಿಸಲು ಹಳಸಿದ ಈಸ್ಟ್ ಇಟ್ಟು ಇದನ್ನು ಎತ್ತಿಬಿಟ್ಟರೆ? ಅಂಥ ಕಳ್ಳಸಾಗಣೆಯನ್ನು ಅವನು ಎಷ್ಟು ಕಂಡಿಲ್ಲ! ಪೊಟ್ಟಣವನ್ನು ಅಂಗಿಯ ಜೇಬಿಗಿಳಿಸಿ ಅದರ ಮೇಲೆ ಏಪ್ರನ್ ಬಿಗಿದ. ಬಾಗಿಲಿಗೆ ಚಿಲಕ ಹಾಕಿ, ಸಂದಿಯಲ್ಲಿ ಯಾರಾದರೂ ಇಣುಕುತ್ತಿದ್ದಾರೆಯೇ ಎಂದು ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತ, ಬೆವರು ಸುರಿಸಿ ಹಿಟ್ಟು ನಾದಿದ. ಎಲ್ಲರ ಮನೆಯಲ್ಲೂ ಮಾಡುವಂತೆ ಮೇಲೆ ಚಾಕುವಿನಿಂದ ಶಿಲುಬೆ ಗೀರಿ, ಬೋಗುಣಿಯನ್ನು ಒಯ್ದು ತನ್ನ ಮಂಚದಲ್ಲೇ ಮಲಗಿಸಿ ಉಣ್ಣೆಯ ಕಂಬಳಿ ಹೊದಿಸಿದ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ತಾನೇ ಕಾವಲು ಕುಳಿತ.

ಹತ್ತು ಗಂಟೆಗೆ ಅತ್ತೆ ಬಂದಳು, ಕಂಕುಳಲ್ಲಿ ಒಂದು ಗಂಟು. ಅನಿಯೆಲ್ಲೊ ಹೊಸ್ತಿಲಲ್ಲೇ ತಡೆದ.

"ಡೊನ್ನಾ ರಾಕೇಲೆ, ಇದರಲ್ಲೇನಿದೆ?"

"ಮನೇಲೇ ನಾದಿಟ್ಟ ನನ್ನ ಹಿಟ್ಟು. ಶನಿವಾರ ಬರಿಗೈಲಿ ಬಂದು ನಂಗೆ ಅಭ್ಯಾಸ ಇಲ್ಲ ಅಳಿಯ. ಸುಂಕ ಎಷ್ಟು?"

"ಅಡುಗೆಮನೇಲಿರ್ಲಿ. ಇವತ್ತು ಅದನ್ನ ಬಿಚ್ಚೋ ಹಾಗಿಲ್ಲ."

ಅವಳು ಮಲಗುವ ಕೋಣೆಗೆ ಬಂದು, ಕಂಬಳಿಯ ಅಂಚೆತ್ತಿ, "ಎಷ್ಟು ಮುದ್ದಾಗಿದೆ" ಎಂದಳು. ಅಷ್ಟೇ. ದೇವರು ಚೆನ್ನಾಗಿಟ್ಟಿರಲಿ ಎಂಬ ಮಾತೇ ಇಲ್ಲ! ಹೊಗಳಿ ಹರಸದೆ ಹೋದರೆ ಅದು ದೃಷ್ಟಿಯಲ್ಲದೆ ಇನ್ನೇನು? ಅನಿಯೆಲ್ಲೊ ತಕ್ಷಣ ಬೀಗದ ಕೈಗೊಂಚಲಲ್ಲಿದ್ದ ದೃಷ್ಟಿ ತೆಗೆಯುವ ಹವಳದ ಕೊಂಬನ್ನು ಮುಟ್ಟಿಕೊಂಡ, ಮಂಚದ ನಾಲ್ಕು ಮೂಲೆಗೂ ಉಪ್ಪು ಚೆಲ್ಲಿದ.

ಹನ್ನೊಂದಾಯಿತು, ಹನ್ನೆರಡಾಯಿತು. ಹಿಟ್ಟು ಒಂದು ಕೂದಲೆಳೆಯಷ್ಟೂ ಉಬ್ಬಲಿಲ್ಲ.

"ನುನ್ಸಿಯಾ, ನಿಮ್ಮಮ್ಮ ದೃಷ್ಟಿ ಹಾಕಿದಾರೆ."

"ಹಿಟ್ಟಿಗಾ? ನಿನ್ನನ್ನ ನೋಡಿ ಅದೇ ಹೆದರಿಕೊಂಡಿರಬೇಕು. ಪೊಲೀಸ್ನೋರ ಥರ ಎದುರಿಗೆ ಕೂತ್ರೆ ಯಾರು ತಾನೆ ಮೇಲೇಳ್ತಾರೆ?"

ಅಷ್ಟರಲ್ಲಿ ಕೆಳಗಿನ ಅಂಗಡಿಯ ಸಬಾತೊ ಕೂಗಿದ. ಚೀಸಿಗೆ ಬುಟ್ಟಿ ಇಳಿಸಬೇಕಿತ್ತು. ಅನಿಯೆಲ್ಲೊ ಬಾಲ್ಕನಿಗೆ ಹೋಗಿ, ಮೂರನೆಯ ಮಹಡಿಯಿಂದ ಹಗ್ಗ ಬಿಟ್ಟು, ಬುಟ್ಟಿ ಮೇಲೆಳೆದು ಮೂಸಿ ನೋಡಿದ.

"ಇದು ನಿನ್ನೇದು!"

"ಬೆಳಗ್ಗೆ ಬಂದಿದ್ದು ಸ್ವಾಮಿ, ಇನ್ನೂ ಹಾಲು ತೊಟ್ಟಿಕ್ತಿದೆ."

"ಹಾಲೋ ನೀರೋ ಯಾರಿಗೆ ಗೊತ್ತು?"

"ಹಸೂನೇ ಬುಟ್ಟಿಲಿಟ್ಟು ಕಳಿಸ್ಲಾ?"

ಬುಟ್ಟಿ ಮೂರು ಸಲ ಇಳಿಯಿತು, ಮೂರು ಸಲ ಏರಿತು. ಎದುರಿನ ಬಾಲ್ಕನಿಗಳೆಲ್ಲ ತುಂಬಿದವು. ಇಪ್ಪತ್ತು ನಿಮಿಷವಾದ ಮೇಲೆ, ಮೊದಲ ಸಲ ಬಂದಿದ್ದ ಚೀಸನ್ನೇ ಗೆದ್ದುಕೊಂಡು ಅವನು ಒಳಗೆ ಬಂದ. ಕಂಬಳಿ ಎತ್ತಿದರೆ ಹಿಟ್ಟು ಬೋಗುಣಿಯ ಅಂಚು ದಾಟಿ ಉಬ್ಬಿ ನಿಂತಿದೆ!

ಅವನು ಹವಳದ ಕೊಂಬಿಗೆ ಮುತ್ತಿಟ್ಟ. ಆಮೇಲಿನ ಕೆಲಸವೆಲ್ಲ ಪವಾಡದಂತೆ ನಡೆಯಿತು. ಹಿಟ್ಟು ತಟ್ಟಿದಂತೆ ಹರಡಿತು, ಟೊಮೇಟೊ ಕುದಿಯಿತು, ಅಂಚು ಕೆಂಪಗೆ ಉಬ್ಬಿತು. ಮೊದಲ ತುತ್ತಿಗೇ ಅನಿಯೆಲ್ಲೊನ ಕಣ್ಣಲ್ಲಿ ನೀರು ಬಂತು. ಸಂತೋಷವೆಂದರೆ ಅದು.

"ಡೊನ್ನಾ ರಾಕೇಲೆ, ಪಿಜ್ಜಾ ಅಂದ್ರೆ ಇದು. ಹತ್ತಿ ಇದ್ದ ಹಾಗಿದೆ. ಈ ಕೈ ನಿಮಗೆ ಬರೋದಿಲ್ಲ ಬಿಡಿ."

"ನಿಜವಾಗ್ಲೂ ಚೆನ್ನಾಗಿದೆಯಾ ಅಳಿಯ?"

"ಹತ್ತೊಂಬತ್ತು ವರ್ಷದಲ್ಲಿ ಈ ಮನೇಲಿ ಇಂಥದ್ದು ಬೆಂದಿಲ್ಲ."

"ಇನ್ನೊಂದ್ಸಲ ಹೇಳು. ಕಿವಿ ಸ್ವಲ್ಪ ಮಂದ."

ಅವನು ಎದ್ದು ನಿಂತು ಬಾಲ್ಕನಿಗಳಿಗೆಲ್ಲ ಕೇಳುವಂತೆ ಹೇಳಿದ. ಸಬಾತೊನೂ ಕೆಳಗಿನಿಂದ ಚಪ್ಪಾಳೆ ತಟ್ಟಿದ. ಆ ಹುರುಪಿನಲ್ಲೇ ಅನಿಯೆಲ್ಲೊ ಏಪ್ರನ್ ಬಿಚ್ಚಿ, ಸಭೆಗೆ ಬಾಗಿ ವಂದಿಸಿದ. ಅಂಗಿಯ ಜೇಬಿನಿಂದ ಈಸ್ಟಿನ ಪೊಟ್ಟಣ ಜಾರಿ, ತಟ್ಟೆಯ ಪಕ್ಕದಲ್ಲಿ ಬಿತ್ತು. ಅದರ ಅಂಟು ಸಹ ಬಿಚ್ಚಿರಲಿಲ್ಲ.

ಮೂವರೂ ಅದನ್ನೇ ನೋಡಿದರು.

"ಹಾಗಾದ್ರೆ ಉಬ್ಬಿದ್ದು ಯಾವ್ದು?" ಎಂದ ಅನಿಯೆಲ್ಲೊ.

ಡೊನ್ನಾ ರಾಕೇಲೆ ಕೊನೆಯ ತುಂಡನ್ನು ಅವನ ತಟ್ಟೆಗೆ ಹಾಕಿದಳು.

"ನಿನ್ನದು ಮಂಚದ ಕೆಳಗೆ ನಿದ್ದೆ ಮಾಡ್ತಿದೆ ಅಳಿಯ, ಎಬ್ಬಿಸಬೇಡ. ನೀನು ಈ ಚಪ್ಪಲಿ ಅಟ್ಟೆ ತಿನ್ನು."