ಕಂದೀಲು ಹಿಡಿದ ಕತ್ತೆ ಮತ್ತು ನಮ್ಮ ಕಾಕಾ

ನಮ್ಮ ಕಾಕಾನಿಗೆ ಹೀರೋಗಳನ್ನು ಕಂಡರೆ ಆಗುವುದಿಲ್ಲ. ಆಗುವುದಿಲ್ಲ ಅನ್ನುವುದಕ್ಕಿಂತ ಕಾಣುವುದೇ ಇಲ್ಲ ಅನ್ನಬೇಕು. ಸಿನಿಮಾದ ಹೀರೋ ಇರಲಿ, ಕಾರ್ಟೂನಿನ ಹೀರೋ ಇರಲಿ, ಮದುವೆ ಮನೆಯ ಮದುಮಗನೇ ಇರಲಿ, ನಟ್ಟನಡುವೆ ನಿಂತವರು ಯಾರೂ ಆತನ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಬಾರದೇ ಎಂದಿರಾ? ಆತನ ಕಣ್ಣು ಭಾಳ ಚುರುಕು! ಪೋತ್ನಾಳದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವ ಮನುಷ್ಯ. ಕೂದಲಿನಂಥ ತಾಮ್ರದ ತಂತಿ ಸುತ್ತುತ್ತಲೇ, ರಸ್ತೆಯಲ್ಲಿ ಹೋದ ಬಸ್ಸಿನ ಕಂಡಕ್ಟರ್ ಹೊಸಬನೋ ಹಳಬನೋ ಹೇಳಬಲ್ಲ. ಡ್ರೈವರ್ ಯಾರೆಂದು ಕೇಳಿದರೆ ಮಾತ್ರ, "ಬಸ್ ಹೊಂಟಿತ್ತಂದ್ರ ಯಾರೋ ಒಬ್ಬಾವ ಇದ್ದಿರಬೇಕು" ಎನ್ನುತ್ತಾನೆ.

ಇದರ ಮೂಲ ಒಂದು ಹಳೇ ಕಾರ್ಟೂನು. ಕಾಕಾ ಸಣ್ಣವನಿದ್ದಾಗ ರವಿವಾರ ಟಿವಿಯಲ್ಲಿ ಬರುತ್ತಿತ್ತಂತೆ. ಮೋಡದ ಮೇಲೊಂದು ಊರು. ಊರಿಗೆ ಕಷ್ಟ ಬಂದಾಗೆಲ್ಲ ಬಂಗಾರದ ರೆಕ್ಕೆಯ ಸಿಂಹದ ಮರಿಯೊಂದು ಹಾರಿ ಬಂದು, ಎಲ್ಲ ಸರಿಮಾಡಿ, ಹಾರಿಹೋಗುತ್ತದೆ. ಕಥೆ ಅಷ್ಟೇ. ಆಮೇಲೆ ಅದೇ ಕಾರ್ಟೂನಿನ ಪ್ಲಾಸ್ಟಿಕ್ ಗೊಂಬೆಗಳು ರಾಯಚೂರಿನ ಬಜಾರಿಗೂ ಬಂದವು. ಅಜ್ಜ ಬಜಾರಿಗೆ ಹೊರಟಾಗೆಲ್ಲ ಕಾಕಾ ಸಿಂಹ ಬೇಕೆಂದು ಗಂಟುಬೀಳುತ್ತಿದ್ದ. ಆದರೆ ಸಿಂಹ ಬಂದ ದಿನವೇ ಖಾಲಿ! ಬರಿಗೈಯಲ್ಲಿ ಮನೆಗೆ ಹೋಗಬಾರದೆಂದು ಅಜ್ಜ ಅಂಗಡಿಯಲ್ಲಿ ಉಳಿದದ್ದನ್ನೇ ತರುತ್ತಿದ್ದ. ಮೊದಲು ಬಂದದ್ದು ಛತ್ರಿ ರಿಪೇರಿ ಮಾಡುವ ಕಪ್ಪೆ. ಅವತ್ತು ಕಾಕಾ ಊಟ ಮಾಡಲಿಲ್ಲ. ಆಮೇಲೆ ಗಡಿಯಾರಕ್ಕೆ ಚಾವಿ ಕೊಡುವ ಮುದಿ ಗೂಬೆ ಬಂತು. ಅವತ್ತು ಅರ್ಧ ಊಟ ಮಾಡಿದ. ಸೇತುವೆ ಕಾಯುವ ಆಮೆ ಬಂದ ದಿನ ಪೂರಾ ಊಟ. ಕೊನೆಗೆ ಕಂದೀಲು ಹಿಡಿದ ಕತ್ತೆ ಬರುವ ಹೊತ್ತಿಗೆ ಸಿಂಹದ ಮಾತೇ ಮರೆತಿದ್ದ.

"ಸಿಂಹ ಇಲ್ಲದ ಆಟ ಹೆಂಗ ಆಡ್ತಿದ್ದಿ ಕಾಕಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಸಿಂಹ ಬರೂದು ಕಷ್ಟ ಬಂದಾಗ ಅಷ್ಟ ಯವ್ವಾ. ಉಳಿದ ದಿನ ಊರು ನಡೀಬೇಕಲ್ಲ! ಛತ್ರಿ ಹರೀತಾವ, ಗಡಿಯಾರ ನಿಂದರ್ತಾವ. ನಮ್ಮ ಆಟದಾಗ ಭಾಳ ಕೆಲಸ ಇರ್ತಿತ್ತು."

ಈ ಗೊಂಬೆಗಳು ಈಗಲೂ ಒಂದು ತಗಡಿನ ಟ್ರಂಕಿನಲ್ಲಿವೆ. ಆ ಟ್ರಂಕು ಮನೆಯಲ್ಲಲ್ಲ, ಅಂಗಡಿಯಲ್ಲಿ, ಸುಟ್ಟ ಮೋಟಾರುಗಳ ಪಕ್ಕದಲ್ಲಿದೆ. ಕತ್ತೆ ಮಾತ್ರ ಟ್ರಂಕಿನ ಮೇಲೆ ನಿಂತಿರುತ್ತದೆ.

ಕಾಕಾನ ಹುಚ್ಚು ನನಗೂ ಹತ್ತಿತು. ಯಾರೂ ಹೇಳಿಕೊಡಲಿಲ್ಲ. ಯರಗೇರಾಕ್ಕೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕೂತು, ಫೋನಿನಲ್ಲಿ ತಡಕಾಡಿ ತಡಕಾಡಿ ಆ ಕಾರ್ಟೂನಿನ ಹಳೇ ಕಂತೊಂದನ್ನು ಹಿಡಿದೆ. ಮಸುಕು ಚಿತ್ರ, ಗೊರಗೊರ ಸದ್ದು. ಆದರೂ ಅದೇ! ಮುಂದಿನ ರವಿವಾರವೇ ಪೋತ್ನಾಳಕ್ಕೆ ಓಡಿದೆ. ಇಪ್ಪತ್ತು ನಿಮಿಷದ ಕಂತು ನೋಡಲು ನಮಗೆ ಎರಡು ತಾಸು ಹಿಡಿಯಿತು.

"ತಡಿ ತಡಿ, ಹಿಂದಕ್ಕ ಹೋಗು."

"ಕಾಕಾ, ಸಿಂಹ ರಾಕ್ಷಸನ ಸಂಗಾಟ ಗುದ್ದಾಡಾಕತ್ತದ, ನೋಡು!"

"ಅದು ಗೆಲ್ತದ ಬಿಡು, ಅದರ ಕೆಲಸನ ಅದು. ನೀ ಮೂಲ್ಯಾಗ ನೋಡು."

ಮೂಲೆಯಲ್ಲಿ ಕತ್ತೆ. ಊರಿಗೆ ಕತ್ತಲು ಕವಿದಾಗ ದಾರಿ ಕಾಣಲೆಂದು ಅದಕ್ಕೆ ಕಂದೀಲು ಕೊಟ್ಟು ನಿಲ್ಲಿಸಿದ್ದಾರೆ. ಅದಕ್ಕೆ ಮಾತಿಲ್ಲ, ಹೆಸರೂ ಇಲ್ಲ. ರಾಕ್ಷಸ ಸತ್ತ, ಬೆಳಕಾಯಿತು, ಸಿಂಹ ಹಾರಿಹೋಯಿತು, ಎಲ್ಲರೂ ಕುಣಿದರು, ಕೊನೆಯ ಹಾಡೂ ಬಂತು. ಮೂಲೆಯಲ್ಲಿ ಕತ್ತೆ ಇನ್ನೂ ಕಂದೀಲು ಎತ್ತಿ ಹಿಡಿದು ನಿಂತೇ ಇದೆ!

"ನೋಡಿದ್ಯಾ?" ಕಾಕಾನ ಧ್ವನಿ ಏರಿತು. "ಹಗಲಾತು, ಎಲ್ಲಾರೂ ತಮ್ಮ ತಮ್ಮ ಮನಿಗಿ ಹೊಂಟ್ರು. ಇನ್ನ ಸಾಕಪ್ಪ, ಒಳಗ ಬಾ ಅಂತ ಅದಕ್ಕ ಒಬ್ರರ ಹೇಳಿದ್ರೇನು?"

ನಾನು ನಕ್ಕುಬಿಟ್ಟೆ.

ಫೋನಿನಲ್ಲಿ ಈ ಕಾರ್ಟೂನಿನ ಅಭಿಮಾನಿಗಳ ಗುಂಪೊಂದಿದೆ. ಅಲ್ಲಿಗೆ ಕಾಕಾನ ಗೊಂಬೆಗಳ ಫೋಟೋ ಕಳಿಸಿದೆ. ಬಂದ ಪ್ರಶ್ನೆ ಒಂದೇ: ಸಿಂಹ ಎಲ್ಲಿ? ಕಾಕಾನಿಗೆ ಹೇಳಿದೆ. "ಸಿಂಹ ಎಲ್ಲಾರ ಮನ್ಯಾಗೂ ಅದ. ನಮ್ಮ ಕಂದೀಲಿನ ಕತ್ತಿ ಯಾರ ಮನ್ಯಾಗರ ಅದ ಏನು, ಕೇಳು" ಅಂದ. ಕೇಳಿದೆ. ಒಬ್ಬರ ಹತ್ತಿರವೂ ಇರಲಿಲ್ಲ! ಆ ವಾರವಿಡೀ ಕಾಕಾನನ್ನು ಹಿಡಿಯುವವರೇ ಇರಲಿಲ್ಲ. ಮೋಟಾರು ಒಯ್ಯಲು ಬಂದ ರೈತರಿಗೆಲ್ಲ ಕತ್ತೆಯ ದರ್ಶನ ಮಾಡಿಸಿ ಕಳಿಸಿದ.

ಚಿಗವ್ವನನ್ನು ಕೇಳಿದರೆ ಈ ರೋಗ ಎಷ್ಟು ಹಳೆಯದೆಂದು ಗೊತ್ತಾಗುತ್ತದೆ. ಚಿಗವ್ವ ಅಂದರೆ ಕಾಕಾನ ಹೆಂಡತಿ, ದೇವದುರ್ಗದವಳು.

"ನನ್ನ ನೋಡಾಕ ಬಂದಾಗೂ ಹಿಂಗ ಮಾಡ್ಯಾರ" ಎಂದು ಶುರುಮಾಡುತ್ತಾಳೆ. "ನಾ ತಲಿ ತಗ್ಗಿಸಿ ಚಾ ಕೊಟ್ಟೀನಿ. ಇವರು ನನ್ನ ಮಾರಿ ನೋಡೂದು ಬಿಟ್ಟು, ಬಾಗಲ ಮರಿಗಿ ನಿಂತ ನಮ್ಮ ಸೋದರತ್ತಿಗಿ 'ಚಾ ನೀವು ಮಾಡಿದ್ರೇನ್ರೀ? ಸಕ್ಕರಿ ಹದ ಆಗ್ಯಾದ' ಅಂದ್ರು! ನಮ್ಮತ್ತಿ ಅಲ್ಲೇ ಹೂಂ ಅಂದುಬಿಟ್ಲು. ನನ್ನ ಯಾರು ಕೇಳ್ಯಾರ?"

"ಮತ್ತ, ನಿಮ್ಮತ್ತಿ ಮಾತು ನಿಮ್ಮ ಮನ್ಯಾಗ ಎಲ್ಲಾರೂ ಕೇಳ್ತಿದ್ರೋ ಇಲ್ಲೋ?" ಎಂದು ಕಾಕಾ ತಂತಿಯಿಂದ ಕಣ್ಣೆತ್ತದೆ ಹೇಳುತ್ತಾನೆ. "ನಿಮ್ಮಪ್ಪನ್ನ ನಾ ಕೇಳಿದ್ರ ಲಗ್ನ ಆಗ್ತಿರಲಿಲ್ಲ."

ಇಂಥ ಮನುಷ್ಯನಿಂದ ಲೋಕಕ್ಕೇನು ಉಪಯೋಗ? ಇದೆ! ಮದುವೆ ಕಾರ್ಡು.

ನಮ್ಮ ಕಡೆ ಮದುವೆ ಕಾರ್ಡಿನಲ್ಲಿ ಮದುಮಕ್ಕಳ ಹೆಸರು ತಪ್ಪಿದರೂ ಜನ ಸಹಿಸಿಕೊಂಡಾರು. ಕೆಳಗೆ 'ಸುಖಾಗಮನ ಬಯಸುವವರು' ಎಂದು ಬಂಧುಗಳ ಪಟ್ಟಿ ಇರುತ್ತದಲ್ಲ, ಅದರಲ್ಲಿ ಒಂದು ಹೆಸರು ಬಿಟ್ಟುಹೋಗಲಿ ನೋಡೋಣ! ಬಿಟ್ಟುಹೋದವರು ಮದುವೆಗೆ ಬರುತ್ತಾರೆ, ಎಲ್ಲರಿಗೂ ಕಾಣುವಂತೆ ಊಟ ಮಾಡದೆ ಹೋಗುತ್ತಾರೆ. ಮುಂದೆ ಹತ್ತು ವರ್ಷ ಮಾತಿಲ್ಲ. ಅದಕ್ಕೇ ನಮ್ಮ ಬಳಗದ ಯಾವ ಮದುವೆಯೇ ಇರಲಿ, ಪಟ್ಟಿ ಬರೆಯುವವನು ಕಾಕಾ. ಕುರ್ಡಿಯಲ್ಲಿ ನಮ್ಮ ಅಜ್ಜನ ಸೋದರಳಿಯನೊಬ್ಬ ಇದ್ದಾನೆಂದು ಆತನ ಹೆಂಡತಿಯಾದರೂ ಮರೆತಾಳು, ಕಾಕಾ ಮರೆಯುವುದಿಲ್ಲ. ಯಾರ ಮನೆಯ ಕಾರ್ಡು ಬಂದರೂ ಕೆಳಗಿನಿಂದ ಮೇಲಕ್ಕೆ ಓದುತ್ತಾನೆ. ಮದುಮಕ್ಕಳ ಹೆಸರು ಬರುವಷ್ಟರಲ್ಲಿ ಬೇಸರ ಬಂದು ಮಡಚುತ್ತಾನೆ. ಓದಿದ ಕಾರ್ಡು ಗೊಂಬೆಗಳ ಟ್ರಂಕಿಗೆ ಸೇರುತ್ತದೆ. ಬಳಗದ ಒಂದು ಕಾರ್ಡೂ ಆತ ಬಿಸಾಡಿಲ್ಲ.

ಈ ವರ್ಷ ನಮ್ಮಕ್ಕನ ಮದುವೆ ಗೊತ್ತಾಯಿತು. ಕಾಕಾ ಅಂಗಡಿಯ ಹಾಳೆಯೊಂದರಲ್ಲಿ ಗ್ರೀಸಿನ ಬೆರಳ ಗುರುತಿನ ಸಮೇತ ನಲವತ್ತಮೂರು ಹೆಸರು ಬರೆದುಕೊಟ್ಟ. ಅಪ್ಪ ಅದನ್ನು ಹಾಗೇ ಪ್ರೆಸ್ಸಿಗೆ ಕೊಟ್ಟ. ಕಾರ್ಡು ಬಂದವು, ಮೂಲೆಗಳಿಗೆ ಅರಿಸಿನ ಹಚ್ಚಿದೆವು. ಮಾನ್ವಿ ಕಡೆಯವು ಅಪ್ಪ ಹಂಚಿದ, ದೇವದುರ್ಗದವು ಕಾಕಾನೇ ಹಂಚಿ ಬಂದ.

ಎಲ್ಲ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಅಜ್ಜಿ, "ನನಗೂ ಓದಿ ಹೇಳಬೇ, ಮೊಮ್ಮಗಳ ಲಗ್ನದ ಕಾರ್ಡ್ ನಾ ಕೇಳೇ ಇಲ್ಲ" ಅಂದಳು. ಅಜ್ಜಿಗೆ ಓದಲು ಬರುವುದಿಲ್ಲ. ಎಲೆ ಅಡಿಕೆ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಳು. ನಲವತ್ತಮೂರೂ ಹೆಸರು ಓದಿ ಮುಗಿಸಿದೆ.

"ಇನ್ನೊಮ್ಮಿ ಓದು."

ಓದಿದೆ.

"ನನ್ನ ಸಣ್ಣ ಮಗ ಎಲ್ಲದಾನ?"

"ಪಟ್ಟಿ ಬರ್ದಾವನ ಅವ. ಅವನ ಹೆಸರು ಇರಲಾರ್ದ ಎಲ್ಲಿಗಿ ಹೋಗ್ತದ ಯವ್ವಾ?" ಎಂದು ಅಪ್ಪ ನಗುತ್ತ ಕಾರ್ಡು ಕಸಿದುಕೊಂಡ. ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದಿದ. ಕೆಳಗಿನಿಂದ ಮೇಲಕ್ಕೆ ಓದಿದ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತ.

ಕುರ್ಡಿಯ ಸೋದರಳಿಯ ಇದ್ದ. ತೊಟ್ಟಿಲಲ್ಲಿದ್ದ ಕೂಸಿನ ಹೆಸರೂ ಇತ್ತು. ಕಾಕಾ ಇರಲಿಲ್ಲ. ಅದನ್ನು ಅಪ್ಪ ನೋಡಿರಲಿಲ್ಲ, ಅವ್ವ ನೋಡಿರಲಿಲ್ಲ. ಕಾರ್ಟೂನಿನ ಮೂಲೆ ನೋಡುವುದರಲ್ಲಿ ನನ್ನಂಥವಳಿಲ್ಲ ಎಂದು ಬೀಗುತ್ತಿದ್ದ ನಾನೂ ನೋಡಿರಲಿಲ್ಲ. ನಾವೆಲ್ಲ ನಮ್ಮ ನಮ್ಮ ಹೆಸರು ನೋಡಿಕೊಂಡು ಕಾರ್ಡು ಮಡಚಿದ್ದೆವು.

ಅದೇ ಸಂಜೆ ಮಾನ್ವಿಯ ಬಳಗದವರೊಬ್ಬರಿಂದ ಅಪ್ಪನಿಗೆ ಫೋನ್ ಬಂತು. "ಏನ್ರೀ, ಅಣ್ಣತಮ್ಮರು ಮಾತು ಬಿಟ್ಟೀರಂತ? ಒಡಹುಟ್ಟಿದ ತಮ್ಮನ ಹೆಸರು ಹಾಕಿಲ್ಲ, ಅಂಥಾದ್ದೇನು ಆತು?" ಅಪ್ಪ ಆ ಫೋನ್ ಇಟ್ಟ. ಕಾಕಾನಿಗೆ ಫೋನ್ ಹಚ್ಚಿದ. ಆತ ಜೋರಾಗಿ ನಕ್ಕ.

"ಅಣ್ಣಾ, ಪಟ್ಟಿ ಬರಿಯೂ ಮುಂದ ಎಲ್ಲಾರ ಮಾರಿ ಕಣ್ಣಿಗಿ ಕಟ್ಟಿದಂಗ ಬಂದ್ವು. ನನ್ನ ಮಾರಿ ನನಗ ಹೆಂಗ ಕಾಣಬೇಕು?"

"ಬ್ಯಾರೆ ಕಾರ್ಡ್ ಹೊಡಿಸ್ತೀನಿ."

"ಏ, ಬ್ಯಾಡ ಬ್ಯಾಡ. ಮಂದಿ ಮನಿಗಿ ಮುಟ್ಟ್ಯಾವ. ನಾ ಏನು ಹೊರಗಿನಾವೇನು?"

ಆಮೇಲೆ ಚಿಗವ್ವ ಫೋನ್ ತೆಗೆದುಕೊಂಡು ನನ್ನನ್ನು ಕರೆದಳು. ಮೆತ್ತಗೆ ಹೇಳಿದಳು: "ನಗ್ತಾರ ಖರೆ ಯವ್ವಾ. ಆದ್ರ ಆ ಕಾರ್ಡ್ ಇನ್ನ ಟ್ರಂಕಿನ್ಯಾಗ ಇಟ್ಟಿಲ್ಲ. ಅಂಗಡಿ ಗಲ್ಲಾದ ಮ್ಯಾಗ ಬೋರಲ ಹಾಕ್ಯಾರ."

ನಮ್ಮಲ್ಲಿ ಇನ್ನೂ ಅರವತ್ತು ಕಾರ್ಡು ಉಳಿದಿದ್ದವು. ನಾನು ನೀಲಿ ಪೆನ್ನು ಹಿಡಿದು ಕೂತೆ. ಪಟ್ಟಿಯ ಕೊನೆಗೆ, ಇದ್ದ ಚೂರು ಜಾಗದಲ್ಲಿ, ಕಾಕಾನ ಹೆಸರು ಬರೆದೆ. ಅರವತ್ತು ಸಲ. ಇಪ್ಪತ್ತರ ಹೊತ್ತಿಗೆ ಅಪ್ಪ ಬಂದು ಎದುರು ಕೂತು ಕಾರ್ಡಿಗೆ ಕಾರ್ಡು ಎತ್ತಿಕೊಡತೊಡಗಿದ. ಎಲ್ಲ ಮುಗಿದ ಮೇಲೆ ಕೇಳಿದ, "ಇದರಾಗ ಮೊದಲನೇದು ಯಾರಿಗಿ?"

ಆಗ ಹೊಳೆಯಿತು. ಬಳಗಕ್ಕೆಲ್ಲ ಕಾರ್ಡು ಹಂಚುವ ಕಾಕಾನಿಗೆ ನಮ್ಮ ಮನೆಯಿಂದ ಯಾವತ್ತೂ ಯಾರೂ ಕಾರ್ಡು ಕೊಟ್ಟು ಕರೆದಿಲ್ಲ. ಮನೆಯವನಿಗೆ ಯಾರು ಕೊಡುತ್ತಾರೆ? ಒಂದೊಂದು ಕಟ್ಟು ಕೈಗಿಟ್ಟು ಹಂಚಲು ಕಳಿಸಿದ್ದಷ್ಟೇ.

ಮರುದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ತಾಟಿನಲ್ಲಿ ಕುಂಕುಮ, ಅಕ್ಕಿಕಾಳು, ಎಲೆ ಅಡಿಕೆ, ಮೇಲೊಂದು ಕಾರ್ಡು. ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದೆವು.

ಅಂಗಡಿಯಲ್ಲಿ ಕಾಕಾ ಮೋಟಾರಿನೊಳಗೆ ತಲೆ ಹಾಕಿ ಕೂತಿದ್ದ. ಅಪ್ಪ ಬಾಗಿಲ ಹೊರಗೇ ನಿಂತು, ತಾಟು ಎರಡೂ ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡ. ಹುಟ್ಟಿದಾಗಿನಿಂದ 'ಲೇ' ಅಂದ ತಮ್ಮನಿಗೆ ಹೇಳಿದ:

"ನಮ್ಮ ದೊಡ್ಡ ಮಗಳ ಲಗ್ನ ಅದರೀ. ಮನಿ ಮಂದಿ ಎಲ್ಲಾರನ್ನೂ ಕರ್ಕೊಂಡು ಬರ್ರಿ."

ಕಾಕಾ ಎದ್ದು ನಿಂತ. ಅಪ್ಪನನ್ನು ನೋಡಿದ, ನನ್ನನ್ನು ನೋಡಿದ. ಬಟ್ಟೆಯ ಚೂರಿನಿಂದ ಕೈ ಒರೆಸಿಕೊಂಡ, ಸಾಲದೆಂದು ಅಂಗಿಗೂ ಒರೆಸಿಕೊಂಡ. ಕಾರ್ಡು ತೆಗೆದುಕೊಂಡು ಬಿಚ್ಚಿದ. ಎಂದಿನಂತೆ ಕಣ್ಣು ನೆಟ್ಟಗೆ ಕೆಳಗಿನ ಸಾಲಿಗೆ ಹೋಯಿತು. ಅಲ್ಲಿಂದ ಮೇಲಕ್ಕೆ ಏರಲೇ ಇಲ್ಲ.

"ಅಕ್ಷರ ನಿಂದೇನು?" ಅಂದ.

"ಹೌದು ಕಾಕಾ."

"ಸೊಟ್ಟ ಅದಾವ."

ಟ್ರಂಕಿನ ಮುಚ್ಚಳ ತೆರೆಯಲು ಕತ್ತೆಯನ್ನು ಎತ್ತಿ ಪಕ್ಕಕ್ಕಿಟ್ಟ. ಕಾರ್ಡು ಒಳಗಿಟ್ಟ. ಮುಚ್ಚಿದ. ಆಮೇಲೆ ತಿರುಗಿ ನೋಡಿದರೆ ಅಪ್ಪ ಬಿಸಿಲಲ್ಲಿ, ಹೊಸ್ತಿಲ ಹೊರಗೆ, ತಾಟು ಎತ್ತಿ ಹಿಡಿದು ಇನ್ನೂ ನಿಂತೇ ಇದ್ದ.

"ಅಣ್ಣಾ," ಅಂದ ಕಾಕಾ. "ಸಾಕು. ಒಳಗ ಬಾ."