ಏಳನೇ ಮಹಡಿಯ ಹೀರೆಕಾಯಿ

ಮನುಷ್ಯರನ್ನು ಕುಡಿತ ಹಾಳುಮಾಡುತ್ತದೆ, ಇಸ್ಪೀಟು ಹಾಳುಮಾಡುತ್ತದೆ ಎಂದೆಲ್ಲ ಕೇಳಿದ್ದೇನೆ. ನನ್ನನ್ನು ಹಾಳುಮಾಡಿದ್ದು ಒಳ್ಳೆಯ ಹವೆ. ದುಬೈಯಲ್ಲಿ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಯಾರಿಗೂ ಹಾಳಾಗುವಷ್ಟು ಚೈತನ್ಯವೇ ಇರುವುದಿಲ್ಲ. ಮನೆಯ ಎಸಿಯಿಂದ ಬಸ್ಸಿನ ಎಸಿಗೆ, ಬಸ್ಸಿನ ಎಸಿಯಿಂದ ಆಫೀಸಿನ ಎಸಿಗೆ, ಹಾಲಿನ ಪ್ಯಾಕೆಟ್ಟಿನ ಹಾಗೆ ತಂಪು ತಪ್ಪದಂತೆ ನಮ್ಮನ್ನು ಸಾಗಿಸುತ್ತಾರೆ. ನಡುವೆ ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಹಬೆ ಹಿಡಿದು ಲೋಕವೇ ಮಾಯವಾಗುತ್ತದೆ. ಊದ್ ಮೇಥಾದ ನಮ್ಮ ಕಟ್ಟಡದ ಕೆಳಗೆ, ಜೆಬೆಲ್ ಅಲಿಗೆ ಹೋಗುವ ಕಂಪೆನಿ ಬಸ್ಸಿಗೆ ಕಾಯುತ್ತಿದ್ದ ನಾನು ಒಂದು ಜುಲೈ ಬೆಳಗ್ಗೆ ಬೇರೆ ಕಂಪೆನಿಯ ಬಸ್ಸು ಹತ್ತಿ ಕುಳಿತು, ಪಕ್ಕದವನಿಗೆ ನಮಸ್ಕಾರವನ್ನೂ ಹೇಳಿದ್ದೆ. ಹೀಗಿರುವಾಗ ಸೆಪ್ಟೆಂಬರ್ ಕೊನೆಯ ಒಂದು ದಿನ ಹೊರಗೆ ಬಂದರೆ ಕನ್ನಡಕ ಹಾಗೆಯೇ ತಿಳಿಯಾಗಿ ನಿಂತಿರುತ್ತದೆ. ಇಲ್ಲಿ ಶರತ್ಕಾಲ ಬಂತೆಂದು ತಿಳಿಯುವುದು ಹಾಗೆ. ಎಲೆ ಉದುರುವುದಿಲ್ಲ, ಗಾಳಿಯ ದಿಕ್ಕು ಬದಲಾಗುವುದಿಲ್ಲ, ಆದರೆ ಜನರಿಗೆ ತಲೆ ಕೆಡುತ್ತದೆ. ಐದು ತಿಂಗಳು ಸೋಫಾದಿಂದ ಏಳದವರು ಓಡುವ ಬೂಟು ಕೊಳ್ಳುತ್ತಾರೆ. ಆಮ್ಲೆಟ್ಟನ್ನೂ ಹೆಂಡತಿಯಿಂದಲೇ ಮಾಡಿಸಿಕೊಳ್ಳುವವರು ಇದ್ದಿಲಿನ ಒಲೆ ಹೊತ್ತು ಪಾರ್ಕಿಗೆ ಹೋಗಿ, ಊರಿಗೆಲ್ಲ ಹೊಗೆ ಹಾಕುತ್ತಾರೆ. ನನಗೆ ಬರುವ ಕಾಯಿಲೆ ಕೈತೋಟದ್ದು.

ಆ ಸಂಜೆ ಎರಡು ಚೀಲ ಮಣ್ಣು ಹೊತ್ತು ಲಿಫ್ಟಿನಿಂದ ಇಳಿದಾಗ ಹೆಂಡತಿ ಸುಮಂಗಲಾ ಬಾಗಿಲಲ್ಲೇ ನಿಂತಿದ್ದಳು. ಅವಳು ಧಾರವಾಡದವಳು. ಉಡುಪಿಯವನಾದ ನಾನು ಒಂದು ವಾಕ್ಯದಲ್ಲಿ ಹೇಳುವುದನ್ನು ಅವಳು ಅರ್ಧ ವಾಕ್ಯದಲ್ಲಿ ಮುಗಿಸುತ್ತಾಳೆ, ಮತ್ತು ಅದು ಎರಡರಷ್ಟು ನಾಟುತ್ತದೆ. "ಹೋದ ವರ್ಷ ಈ ಕುಂಡ್ಯಾಗ ಬಟ್ಟಿ ಕ್ಲಿಪ್ ಬಿಟ್ರ ಏನರೆ ಬಂದಿತ್ತೇನ್ರೀ?" ಎಂದಳು. ನಾನು ಉತ್ತರಿಸುವ ಗೋಜಿಗೆ ಹೋಗದೆ ಊರಿನಿಂದ ತಂದಿದ್ದ ಹೀರೆ ಬೀಜವನ್ನು ಊರಿ, ಗೊಬ್ಬರಕ್ಕೆಂದು ಅಡುಗೆಮನೆಯ ತರಕಾರಿ ಸಿಪ್ಪೆಯನ್ನೆಲ್ಲ ಮೇಲೆ ಸುರಿದೆ. ಹತ್ತು ದಿನದಲ್ಲಿ ಮೊಳಕೆ ಬಂತು. ತಿಂಗಳಲ್ಲಿ ಬಳ್ಳಿ ಬಾಲ್ಕನಿಯಲ್ಲಿ ಇದ್ದ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಹಬ್ಬಿ ಅದನ್ನು ವಶಪಡಿಸಿಕೊಂಡಿತು. ನಮ್ಮ ಬಟ್ಟೆಗಳು ಹಾಲಿಗೆ ಬಂದವು. ಬಂದ ಅತಿಥಿಗಳು ನನ್ನ ಬನಿಯನ್ನುಗಳ ನಡುವೆ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದರು. ನಾನು ಅವರಿಗೆ ಬಳ್ಳಿಯ ಕುರಿತು ಹೇಳುತ್ತಿದ್ದೆ.

ಇಷ್ಟರಲ್ಲೇ ನಿಂತಿದ್ದರೆ ನಾನೊಬ್ಬ ಸಭ್ಯನಾಗಿಯೇ ಉಳಿಯುತ್ತಿದ್ದೆ. ಆದರೆ ನಮ್ಮ ಕಡೆಯವರದ್ದೊಂದು ವಾಟ್ಸಾಪ್ ಗುಂಪು ಇದೆ. ಬೇಸಿಗೆಯಲ್ಲಿ ಅದರಲ್ಲಿ ಬರುವುದು ಶುಭೋದಯ ಮತ್ತು ಶ್ರದ್ಧಾಂಜಲಿ ಮಾತ್ರ. ಹವೆ ತಣ್ಣಗಾದದ್ದೇ ತಡ, ತರಕಾರಿಯ ಫೋಟೋಗಳು ಶುರು. ಅದರ ಚಕ್ರವರ್ತಿ ಪದ್ಮನಾಭಣ್ಣ. ಅಬುಧಾಬಿಯಿಂದಲೂ ಆಚೆ, ಮರಳಿನ ನಡುವಿನ ಮದೀನತ್ ಜಾಯೆದಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸದಲ್ಲಿರುವ ಅವರಿಗೆ ಮನೆಯ ಹಿಂದೆ ನಾಲ್ಕು ಗಜ ಜಾಗವಿದೆ. ಅಲ್ಲಿ ಅವರು ಬಸಳೆ, ಹರಿವೆ, ಅಲಸಂಡೆ ಎಲ್ಲ ಬೆಳೆದು ಪ್ರತಿ ಬೆಳಗ್ಗೆ ಆರು ಗಂಟೆಗೆ ಒಂದು ಚಿತ್ರ ಹಾಕುತ್ತಾರೆ. ಅಳತೆ ತಿಳಿಯಲೆಂದು ಪಕ್ಕದಲ್ಲಿ ಹೆಂಡತಿ ಜಯಕ್ಕನನ್ನು ನಿಲ್ಲಿಸಿರುತ್ತಾರೆ. ನಾನು ನನ್ನ ಬಳ್ಳಿಯ ಹಳದಿ ಹೂವಿನ ಚಿತ್ರ ಹಾಕಿದೆ. ನಲವತ್ತು ಜನ ಕೈಮುಗಿದರು. ಮರುದಿನ ಇನ್ನೊಂದು ಹೂವು ಹಾಕಿದೆ. ಹನ್ನೆರಡು ಜನ. ಒಂದು ವಾರ ಬರೀ ಹೂವನ್ನೇ ಹಾಕಿದ ಮೇಲೆ ಪದ್ಮನಾಭಣ್ಣ ಬರೆದರು: "ಹೂವಿನ ಪೂಜೆ ಸಾಕು. ಕಾಯಿ ಯಾವಾಗ?" ಅದರ ಕೆಳಗೆ ಐವತ್ತಮೂರು ಜನ ನಕ್ಕಿದ್ದರು. ಯಾರ್ಯಾರು ಎಂದು ಹೆಸರು ಹೆಸರಾಗಿ ನೋಡಿದೆ. ಅದರಲ್ಲೊಬ್ಬ ನನ್ನ ಸ್ವಂತ ಷಡ್ಡಕ.

ಮುಂದೆ ಮಾಡಿದ್ದನ್ನು ಸಿಟ್ಟಿನಲ್ಲಿ ಮಾಡಿದೆ ಎನ್ನಲಾರೆ. ಬಹಳ ಶಾಂತನಾಗಿ, ಶ್ರದ್ಧೆಯಿಂದಲೇ ಮಾಡಿದೆ. ಕೆಳಗಿನ ಗ್ರೋಸರಿಗೆ ಹೋಗಿ ಎಳೆಯ ಹೀರೆಕಾಯಿಯೊಂದನ್ನು ಆರಿಸಿ ತಂದು, ಸುಮಂಗಲೆಯ ಹೊಲಿಗೆ ಡಬ್ಬಿಯ ಹಸಿರು ದಾರದಿಂದ ಬಳ್ಳಿಗೆ ಕಟ್ಟಿ, ಎರಡು ಎಲೆ ಮರೆಮಾಡಿ, ನೆಲದ ಮೇಲೆ ಅಂಗಾತ ಮಲಗಿ ಫೋಟೋ ತೆಗೆದೆ. ಏಳನೇ ತರಗತಿಯ ಮಗಳು ಅನಘಾ ಗಾಜಿನ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. "ಅಪ್ಪಾ, ದಿಸ್ ಈಸ್ ಲಿಟರಲಿ ಚೀಟಿಂಗ್" ಎಂದಳು. "ಇದು ತಮಾಷೆ ಮಗಾ" ಎಂದೆ. "ದೆನ್ ವೈ ಆರ್ ಯು ಸ್ವೆಟಿಂಗ್?" ಎಂದು ಕೇಳಿದಳು. ಹವೆ ತಣ್ಣಗಾಗಿ ತಿಂಗಳ ಮೇಲಾಗಿತ್ತು.

ಗುಂಪು ಹುಚ್ಚೆದ್ದಿತು. ಏಳನೇ ಮಹಡಿಯಲ್ಲಿ ಹೀರೆಕಾಯಿ! ಷಡ್ಡಕ ಮೂರು ಸಲ ಚಪ್ಪಾಳೆ ತಟ್ಟಿದ. ನಾನು ತೇಲುತ್ತಿರುವಾಗಲೇ ಪದ್ಮನಾಭಣ್ಣನ ಸಂದೇಶ ಬಂತು: "ಬಹಳ ಸಂತೋಷ. ಶನಿವಾರ ದುಬೈಗೆ ಬರ್ತೇವೆ. ಬೆಳಗ್ಗಿನ ತಿಂಡಿ ನಿಮ್ಮಲ್ಲೇ. ಅಷ್ಟರವರೆಗೆ ದಯವಿಟ್ಟು ಕೊಯ್ಯಬೇಡಿ." ಅಂದು ಸೋಮವಾರ.

ಕೊಯ್ಯದ ಹೀರೆಕಾಯಿ ಬೆಳೆಯಬೇಕು. ಕೊಯ್ದು ದಾರದಲ್ಲಿ ಕಟ್ಟಿದ ಹೀರೆಕಾಯಿ ಬಾಡುತ್ತದೆ. ಹಾಗಾಗಿ ದಿನವೂ ಸಂಜೆ ಬಸ್ಸಿಳಿದು, ಹಿಂದಿನ ದಿನಕ್ಕಿಂತ ಬೆರಳಗಲ ಉದ್ದದ್ದನ್ನು ಆರಿಸಿ ತಂದು ಕಟ್ಟತೊಡಗಿದೆ. ಗುಂಪಿನವರು ದಿನವೂ ಚಿತ್ರ ಕೇಳುತ್ತಿದ್ದರು. ಅಂಗಡಿಯ ಮಲಯಾಳಿ ಮುದುಕ ನಾನು ಹೀರೆಕಾಯಿಗಳನ್ನು ಗೇಣು ಹಾಕಿ ಅಳೆಯುವುದನ್ನು ಮೂರು ದಿನ ನೋಡಿ, ನಾಲ್ಕನೆಯ ದಿನ ಮೆಲ್ಲಗೆ "ಸಾಬ್, ಶುಗರ್ ಹೈ ಕ್ಯಾ?" ಎಂದು ವಿಚಾರಿಸಿದ. ಹೌದೆಂದು ತಲೆಯಾಡಿಸಿದೆ. ಒಂದು ಸುಳ್ಳಿಗಾಗಿ ಕಾಯಿಲೆಯನ್ನೂ ಮೈಮೇಲೆ ಎಳೆದುಕೊಂಡೆ. ಬಳ್ಳಿಯಿಂದ ಇಳಿಸಿದ ಕಾಯಿಗಳು ಅಡುಗೆಮನೆಗೆ ಹೋದವು. ಮಂಗಳವಾರ ಪಲ್ಯ, ಬುಧವಾರ ತೊವ್ವೆ, ಗುರುವಾರ ಬಜ್ಜಿ, ಶುಕ್ರವಾರ ಸಿಪ್ಪೆಯ ಚಟ್ನಿ. ಸುಮಂಗಲಾ ಬಡಿಸುತ್ತ, "ನೀವು ಮರ್ಯಾದಿ ಕಟ್ರಿ. ನಾವು ತಿಂದು ಖಾಲಿ ಮಾಡ್ತೀವಿ" ಎಂದಳು.

ಶನಿವಾರ ಒಂಬತ್ತಕ್ಕೆಲ್ಲ ಪದ್ಮನಾಭಣ್ಣ ಮತ್ತು ಜಯಕ್ಕ ಬಂದರು. ಆ ದೂರದಿಂದ ನಸುಕಿನಲ್ಲೇ ಹೊರಟಿರಬೇಕು. "ಎಂಚ ಉಲ್ಲರ್?" ಎಂದು ತುಳುವಿನಲ್ಲಿ ನನ್ನ ಯೋಗಕ್ಷೇಮ ಕೇಳುತ್ತ ಒಳಗೆ ಬಂದವರು ಸುಮಂಗಲೆಯನ್ನು ಕಂಡು ಕನ್ನಡಕ್ಕೆ ಹೊರಳಿದರು. "ದೋಸೆ ಮತ್ತೆ ಆಗಲಿ ಅಮ್ಮಾ, ಮೊದಲು ಹೀರೆ." ಹಾಲಿನ ಬನಿಯನ್ನುಗಳನ್ನು ಸರಿಸಿ ಬಾಲ್ಕನಿಗೆ ನಡೆದರು. ನಾನು ಹಿಂಬಾಲಿಸಿದೆ. ಅವರು ಗಾಜಿನ ಬಾಗಿಲನ್ನು ಮೆಲ್ಲನೆ ಎಳೆದು ಮುಚ್ಚಿದರು.

ನಾನು ದಾರದ ಬಗ್ಗೆ ಒಂದು ವಾರದಿಂದ ತಯಾರಾಗಿದ್ದೆ. ಭಾರಕ್ಕೆ ಆಸರೆಯಾಗಲೆಂದು ಕಟ್ಟಿದ್ದು ಎನ್ನುವುದು ಒಂದು ಉತ್ತರ, ಗಾಳಿ ಜಾಸ್ತಿ ಎನ್ನುವುದು ಇನ್ನೊಂದು. ಪದ್ಮನಾಭಣ್ಣ ಕಾಯಿಯನ್ನು ನೋಡಲೇ ಇಲ್ಲ. ಒಂದು ಎಲೆಯನ್ನು ಅಂಗೈ ಮೇಲೆ ಹರಡಿಕೊಂಡರು. ಅದು ಅವರ ಅಂಗೈಗಿಂತ ದೊಡ್ಡದಿತ್ತು.

"ಮಾರಾಯ್ರೆ, ಇದು ಚೀನಿಕಾಯಿ ಬಳ್ಳಿ" ಎಂದರು.

ನಮ್ಮ ಕಡೆ ಚೀನಿಕಾಯಿ ಎಂದರೆ ಸಿಹಿಗುಂಬಳ.

"ಫೋಟೋ ನೋಡಿದ ಕೂಡಲೇ ಗೊತ್ತಾಯ್ತು. ಇಷ್ಟಗಲದ ಎಲೆ ಹೀರೆಗೆ ಎಲ್ಲಿಂದ ಬರಬೇಕು?"

"ಮತ್ತೆ ಕೊಯ್ಯಬೇಡಿ ಅಂತ ಯಾಕೆ ಹೇಳಿದ್ದು?" ಎಂದು ಕೇಳಿದೆ.

"ಶನಿವಾರದವರೆಗೆ ಏನು ಮಾಡ್ತೀರಿ ನೋಡುವ ಅಂತ."

"ಇದನ್ನು ನೋಡ್ಲಿಕ್ಕೆ ಅಷ್ಟು ದೂರದಿಂದ ಬಂದದ್ದಾ ಪದ್ಮನಾಭಣ್ಣ?"

"ಅಲ್ಲಿ ಬೇರೆ ನೋಡ್ಲಿಕ್ಕೆ ಏನುಂಟು ಹೇಳಿ?" ಎಂದರು. ಹೇಳಿ, ಬಾಲ್ಕನಿಯ ಕಂಬಿ ಹಿಡಿದು, ಹೊಟ್ಟೆ ಕುಲುಕುವಂತೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನಗೆ ನಾಚಿಕೆಯ ಜೊತೆಗೆ ಸಣ್ಣದೊಂದು ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳಬೇಕು. ಆ ಮನುಷ್ಯ ಒಂದು ವಾರ ನನ್ನನ್ನೇ ನೆನೆಸಿಕೊಂಡು ನಕ್ಕಿದ್ದಾರೆ.

ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಪಾಠ ಮಾಡಿದರು. ಇದುವರೆಗೆ ಬಂದದ್ದೆಲ್ಲ ಗಂಡು ಹೂವು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಇರುತ್ತದೆ, ಇಗೋ ಇಲ್ಲೊಂದು ಮೊಗ್ಗು ಇದೆ. ಈ ಎತ್ತರಕ್ಕೆ ಜೇನುನೊಣ ಬರುವುದಿಲ್ಲ. ಅರಳಿದ ಬೆಳಗ್ಗೆ ನೀವೇ ಬ್ರಶ್ಶಿನಿಂದ ಗಂಡು ಹೂವಿನ ಪುಡಿ ತಂದು ಸವರಬೇಕು. "ನಾಡಿದ್ದು ಅರಳ್ತದೆ. ಮರೀಬೇಡಿ" ಎಂದು, ಒಳಗೆ ಹೋಗಿ ಎಂಟು ದೋಸೆ ತಿಂದರು. ಸುಮಂಗಲೆಯ ಎದುರು ಬಳ್ಳಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಹೋದ ಮೇಲೆ ನಾನಾಗಿಯೇ ಅವಳಿಗೆ ಎಲ್ಲ ಹೇಳಿದೆ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಕುಂಬಳದ ಬಳ್ಳಿ ಅಂತ ನನಗ ಮೊದಲನೇ ದಿನಾನ ಗೊತ್ತಿತ್ತು. ಸಿಪ್ಪಿ ಜೋಡಿ ಬೀಜ ಹಾಕಿದವ್ರು ನೀವಽ ಅಲ್ಲೇನು?"

"ಮತ್ತೆ ಹೇಳಬಾರದಿತ್ತಾ?"

"ನೀವು ಎಲ್ಲಿ ಕೇಳಿದ್ರಿ? ಬರೇ ಹೇಳ್ಕೋತ ಹೊಂಟಿದ್ರಿ."

ಆ ರಾತ್ರಿ ಊಟಕ್ಕೆ ಮುಂಚೆ ಪದ್ಮನಾಭಣ್ಣ ಗುಂಪಿನಲ್ಲಿ ಬರೆದರು: "ಕಣ್ಣಾರೆ ನೋಡಿ ಬಂದೆ. ಇಂಥ ಬಳ್ಳಿಯಲ್ಲಿ ಇಂಥ ಕಾಯಿ ನನ್ನ ಜೀವಮಾನದಲ್ಲಿ ಕಂಡಿಲ್ಲ." ಒಂದಕ್ಷರವೂ ಸುಳ್ಳಿರಲಿಲ್ಲ. ನೂರಾರು ಚಪ್ಪಾಳೆ ಬಿತ್ತು. ನಾನು ಫೋನನ್ನು ಕವುಚಿ ಹಾಕಿ ಮಲಗಿದೆ.

ಸೋಮವಾರ ಹೂವು ಅರಳಿತು. ಆಫೀಸಿನ ಪ್ಯಾಂಟು ಶರ್ಟಿನಲ್ಲಿ, ಕೊರಳಿಗೆ ಗುರುತಿನ ಚೀಟಿ ತೂಗಾಡಿಸಿಕೊಂಡು, ಅನಘಾಳ ಬಣ್ಣದ ಬ್ರಶ್ಶು ಹಿಡಿದು ಹೂವಿನಿಂದ ಹೂವಿಗೆ ಹೋದೆ. ಕೆಳಗೆ ಬಸ್ಸು ಹಾರನ್ ಹೊಡೆಯಿತು. ಡ್ರೈವರ್ ಮೇಲೆ ನೋಡಿ "ಯಲ್ಲಾ, ಯಲ್ಲಾ!" ಎಂದು ಅವಸರಪಡಿಸಿದ. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಾಗ ಬಿಟ್ಟರೆ ಅಷ್ಟೊಂದು ಆತಂಕ ನನಗೆ ಯಾವತ್ತೂ ಆಗಿರಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಗೋಲಿ ನಿಂಬೆಯಾಗಿತ್ತು. ಇನ್ನೊಂದು ವಾರಕ್ಕೆ ಮೂಸಂಬಿ. ಮೂವರೂ ಚಹಾದ ಲೋಟ ಹಿಡಿದು, ಬಾಲ್ಕನಿಯ ತಣ್ಣನೆ ಗಾಳಿಯಲ್ಲಿ ಅದರ ಸುತ್ತ ಕೂರುವುದು ಅಭ್ಯಾಸವಾಯಿತು. ಫೋನು ನೋಡದೆ ಮಗಳು ನಮ್ಮ ಜೊತೆ ಅರ್ಧ ಗಂಟೆ ಕುಳಿತದ್ದು ಆ ಕುಂಬಳದ ದೆಸೆಯಿಂದ. ಸುಮಂಗಲಾ ದಿನವೂ ಅದನ್ನು ಒಮ್ಮೆ ಸವರಿ ನೋಡುತ್ತಾಳೆ, ನಾನು ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ.

ನನ್ನ ಕೈಯಾರೆ ಹುಟ್ಟಿದ ಮೊದಲ ಕಾಯಿ. ಗುಂಡಗೆ, ಹಸಿರು ಪಟ್ಟೆ ಹೊತ್ತು, ದಾರವಿಲ್ಲದೆ ತನ್ನಷ್ಟಕ್ಕೆ ಕೂತಿದೆ. ಆದರೆ ಫೋಟೋ ಹಾಕುವಂತಿಲ್ಲ. ಇಡೀ ಗುಂಪು ಅದನ್ನು ಹೀರೆಬಳ್ಳಿ ಎಂದೇ ನಂಬಿದೆ. ಆದ್ದರಿಂದ ಯಾರಾದರೂ ಬೆಲ್ ಒತ್ತಿದರೆ ನಾನು ಮೊದಲು ಓಡುವುದು ಬಾಲ್ಕನಿಗೆ, ಅದಕ್ಕೆ ಟವೆಲ್ ಹೊದೆಸಲು. ಮೊನ್ನೆ ಷಡ್ಡಕ ಬಂದಾಗಲೂ ಹಾಗೆಯೇ ಓಡಿದೆ. ಅನಘಾ ನನ್ನ ದಾರಿಗಡ್ಡ ನಿಂತು, "ಬಟ್ ಅಪ್ಪಾ, ದಿಸ್ ಒನ್ ಈಸ್ ರಿಯಲ್!" ಎಂದಳು. ಅವಳನ್ನು ಸರಿಸಿ ಟವೆಲ್ ಹೊದೆಸಿ ಬಂದು ಬಾಗಿಲು ತೆರೆದೆ. ಷಡ್ಡಕ ಚಿಕ್ಕದೊಂದು ನೋಟುಪುಸ್ತಕ, ಪೆನ್ನು ತಂದಿದ್ದ. ಏಳನೇ ಮಹಡಿಯಲ್ಲಿ ಹೀರೆ ಬೆಳೆಯುವುದು ಹೇಗೆಂದು ತಿಳಿದುಕೊಂಡು ಹೋಗಲು ಬಂದಿದ್ದನಂತೆ. ನಾನು ಮುಕ್ಕಾಲು ಗಂಟೆ ವಿವರಿಸಿದೆ. ಅವನು ಎಲ್ಲವನ್ನೂ ಬರೆದುಕೊಂಡ.