ಉಡ ದಾಟುವ ಜಾಗಕ್ಕೊಂದು ಕ್ಯಾಮೆರಾ

ಹಿಂದೂಪುರದ ಮಾರ್ಕೆಟ್ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕರೆಂಟ್ ಬಿಲ್ಲು ಕಟ್ಟುವುದು, ಪರೀಕ್ಷೆಯ ಫಲಿತಾಂಶ ನೋಡಿಕೊಡುವುದು, ಅರ್ಜಿ ಟೈಪ್ ಮಾಡುವುದು, ಇವೆಲ್ಲ ನನ್ನ ಕಸುಬು. ಪೆನುಕೊಂಡದ ಕಡೆ ಹೋಗುವ ರಸ್ತೆಗೆ ವೇಗ ಹಿಡಿಯುವ ಕ್ಯಾಮೆರಾ ಬಂದ ಮೇಲೆ ಚಲಾನ್ ಕಟ್ಟುವವರೂ ಸೇರಿಕೊಂಡರು. ಅಂದಿನಿಂದ ನನಗೆ ನಗುವಿಗೆ ಬರವಿಲ್ಲ. ವಾರಕ್ಕೊಂದಾದರೂ ಪ್ರಸಂಗ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಹತ್ತುತ್ತದೆ.

೧. ಉದ್ಘಾಟನೆ

ಕ್ಯಾಮೆರಾದ ಉದ್ಘಾಟನೆಗೆ ನಾನೂ ಹೋಗಿದ್ದೆ, ಬ್ಯಾನರ್ ಪ್ರಿಂಟ್ ಮಾಡಿಕೊಟ್ಟವನು ನಾನೇ ಆದ್ದರಿಂದ. ಜಾಗ ನೋಡಿ ಮೆಚ್ಚಿಕೊಂಡೆ. ಉದ್ದನೆಯ ಇಳಿಜಾರು, ಎರಡೂ ಕಡೆ ಜಾಲಿಗಿಡ. ಎಂಜಿನ್ ಆಫ್ ಮಾಡಿದರೂ ಗಾಡಿ ತಾನಾಗಿಯೇ ಅರವತ್ತು ದಾಟುತ್ತದೆ. ಟ್ರಾಫಿಕ್ ಇಲಾಖೆಯ ಸಾಹೇಬರು ಪ್ರಾಣದ ಬೆಲೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು.

ಪರಿಗಿ ಕಡೆಯ ರೈತರೊಬ್ಬರು ಕೇಳಿದರು. “ಸಾರ್, ಇಲ್ಲಿ ರಸ್ತೆ ದಾಟೋರು ಯಾರವ್ರೆ? ಉಡ ಬಿಟ್ರೆ ಯಾರೂ ದಾಟಾಕಿಲ್ಲ.”

“ಉಡದ್ದೂ ಪ್ರಾಣವೇ ಕದಯ್ಯಾ” ಅಂದರು ಸಾಹೇಬರು, ತೆಲುಗು ಬೆರೆಸಿ.

ನಮ್ಮ ಹಳ್ಳಿಯ ಅಂಗನವಾಡಿ ಟೀಚರಮ್ಮ ಎದ್ದು ನಿಂತರು. ನಮ್ಮ ಹಳ್ಳಿ ಅದೇ ರಸ್ತೆಯಲ್ಲಿ ಸ್ವಲ್ಪ ಮುಂದಿದೆ. ಊರು ಈ ಕಡೆ, ಅಂಗನವಾಡಿ ಆ ಕಡೆ. ಮಕ್ಕಳು ದಿನಾ ರಸ್ತೆ ದಾಟಬೇಕು. ಕ್ಯಾಮೆರಾ ಅಲ್ಲಿ ಹಾಕಿ ಅಂತ ಟೀಚರಮ್ಮ ಕೇಳಿಕೊಂಡರು. ಅಲ್ಲಿ ಸರ್ವೆ ಆಗಿಲ್ಲ ಅಂದರು ಸಾಹೇಬರು. ಹೋಗಲಿ, “ಮುಂದೆ ಕ್ಯಾಮೆರಾ ಇದೆ” ಅನ್ನುವ ಬೋರ್ಡು ಕ್ಯಾಮೆರಾ ದಾಟಿದ ಮೇಲೆ ಯಾಕಿದೆ ಅಂತ ಟೀಚರಮ್ಮ ಮತ್ತೆ ಕೇಳಿದರು.

ಸಾಹೇಬರಿಗೆ ನಿಜವಾಗಿಯೂ ಬೇಜಾರಾಯಿತು. “ಏನಮ್ಮಾ, ಬೋರ್ಡು ಮೊದಲೇ ಹಾಕಿದ್ರೆ ಎಲ್ಲಾರೂ ನಿಧಾನಕ್ಕೆ ಹೋಗ್ಬಿಡ್ತಾರಲ್ಲಾ!”

೨. ಎಂಬತ್ತೆರಡು

ಒಂದು ತಿಂಗಳಿಗೆ ಅದೇ ರೈತರಿಗೆ ಚಲಾನ್ ಬಂತು. ಗಾಡಿ ಹಳೆಯ ಮೊಪೆಡ್ಡು, ವೇಗ ಎಂಬತ್ತೆರಡು. ಫೋಟೋದಲ್ಲಿ ಮೊಪೆಡ್ಡಿನ ಹಿಂದೆ ಎರಡು ಹೊರೆ ಹುಲ್ಲು, ಪಕ್ಕದಲ್ಲಿ ನುಗ್ಗುತ್ತಿರುವ ಕಾರಿನ ಅರ್ಧ ಮೂತಿ. ಕಾರಿನ ವೇಗವನ್ನು ಮೊಪೆಡ್ಡಿನ ಲೆಕ್ಕಕ್ಕೆ ಬರೆದಿದ್ದಾರೆ ಅಂತ ಕುರುಡನಿಗೂ ಗೊತ್ತಾಗುತ್ತಿತ್ತು. ತಕರಾರು ಅರ್ಜಿ ಟೈಪ್ ಮಾಡಿಕೊಡುತ್ತೇನೆ ಅಂದೆ.

“ಬ್ಯಾಡ ಕಣಪ್ಪ, ದಂಡ ಕಟ್ಬುಡು. ಇದ್ನ ಮಾತ್ರ ಕಲರ್‌ನಾಗೆ ತೆಗ್ದುಕೊಡು” ಅಂದರು.

ಮುಂದಿನ ಸಂತೆಯ ದಿನ ಗೋರಂಟ್ಲದಲ್ಲಿ ಆ ಮೊಪೆಡ್ಡನ್ನು ಮಾರಿಬಿಟ್ಟರು, ದಂಡ ಕಳೆದು ಲಾಭವೇ ಬರುವ ಹಾಗೆ. ಎಂಬತ್ತೆರಡರಲ್ಲಿ ಓಡುತ್ತದೆ ಅಂತ ಸರ್ಕಾರವೇ ಬರೆದುಕೊಟ್ಟಿರುವಾಗ ಯಾರು ತಾನೇ ಬೆಲೆ ಚೌಕಾಶಿ ಮಾಡುತ್ತಾರೆ?

ವಾರ ಕಳೆದ ಮೇಲೆ ಕೊಂಡವನು ನನ್ನ ಅಂಗಡಿ ಹುಡುಕಿಕೊಂಡು ಬಂದ. ಗಾಡಿ ಮೂವತ್ತು ದಾಟುತ್ತಿಲ್ಲವಂತೆ. ಜಗಳಕ್ಕೇ ಬಂದಿದ್ದಾನೆ ಅಂತ ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಅವನು ಪಾಪ, ಮೆತ್ತಗೆ ಕೇಳಿದ. “ಸರ್ಕಾರದೋರು ಸುಳ್ಳು ಬರ್ಯಾಕಿಲ್ಲ ಕಣಣ್ಣ. ನನ್ ಕೈಗೆ ಬಂದ್ಮ್ಯಾಲೇ ಗಾಡಿ ಕೆಟ್ಟೈತೆ. ಒಳ್ಳೆ ಮೆಕ್ಯಾನಿಕ್ ಇದ್ರೆ ಹೇಳಣ್ಣ.”

೩. ಕುಂಕುಮ

ನನ್ನ ಬಾಮೈದ ಕಲ್ಯಾಣದುರ್ಗದವನು. ಮಗ್ಗದ ಮನೆತನ, ಈಗ ಗುತ್ತಿಗೆಯ ಮೇಲೆ ಕ್ಯಾಮೆರಾ ರಿಪೇರಿ ಮಾಡುವ ಎಲೆಕ್ಟ್ರಿಷಿಯನ್. ಅವರ ಮನೆಯಲ್ಲಿ ಆಯುಧಪೂಜೆಯ ದಿನ ಕುಂಕುಮ ಇಡದೆ ಯಾರೂ ಯಾವ ಯಂತ್ರವನ್ನೂ ಮುಟ್ಟುವುದಿಲ್ಲ. ಕಲ್ಯಾಣದುರ್ಗದ ರಸ್ತೆಯ ಕ್ಯಾಮೆರಾ ಅವನ ಸುಪರ್ದಿನಲ್ಲಿತ್ತು. ಹಬ್ಬದ ದಿನ ಏಣಿ ಹಾಕಿ ಹತ್ತಿದ, ಮೂರು ಪಟ್ಟೆ ವಿಭೂತಿ ಬಳಿದ, ನಡುವೆ ಕಾಸಿನಗಲ ಕುಂಕುಮ ಇಟ್ಟ. ನಡುವೆ ಅಂದರೆ ಸರಿಯಾಗಿ ಲೆನ್ಸಿನ ಮೇಲೆ. ಇಳಿದು ಬಂದು ಕಂಬದ ಬುಡದಲ್ಲಿ ಬೂದುಗುಂಬಳಕಾಯಿ ಒಡೆದ.

ಅವತ್ತು ಇಡೀ ದಿನ ಒಂದು ಚಲಾನೂ ಬರಲಿಲ್ಲ. ಅಲ್ಲಿಯ ಅಧಿಕಾರಿ ಜೀಪು ಹತ್ತಿ ಓಡಿಬಂದರು. ಮನುಷ್ಯರು ಬಿದ್ದಾಗ ಬರದಷ್ಟು ಬೇಗ ಬಂದರು ಅಂತ ಬಾಮೈದ ಹೇಳುತ್ತಾನೆ. “ಏಮಿರಾ ಇದಿ?”, ಏನೋ ಇದು ಅಂತ ತೆಲುಗಿನಲ್ಲಿ ಬೈದಾಗ ಇವನು ಕೈಕಟ್ಟಿಕೊಂಡು ಹೇಳಿದ. “ವರ್ಸೆಲ್ಲಾ ಕಣ್ಣು ಮುಚ್ಚದಂಗೆ ದುಡಿಯೋ ಮಿಷನ್ನು ಸಾರ್. ಅದ್ಕೂ ದೃಷ್ಟಿ ಆಗಾಕಿಲ್ವಾ?”

ಸಿಟ್ಟಿನಲ್ಲಿ ಜೀಪು ಹಿಂದಕ್ಕೆ ತಿರುಗಿಸುವಾಗ ಚಕ್ರ ಕುಂಬಳಕಾಯಿ ಚೂರಿನ ಮೇಲೆ ಜಾರಿ ಮೋರಿಗೆ ಇಳಿಯಿತು. ಕ್ಯಾಮೆರಾ ಬಂದ ಮೇಲೆ ಆ ಜಾಗದಲ್ಲಿ ಆದ ಮೊದಲನೇ ಅಪಘಾತ ಅದು. ಬಾಮೈದನನ್ನು ಶಿಕ್ಷೆಯಾಗಿ ನಮ್ಮ ಹಿಂದೂಪುರದ ಕಡೆಗೆ ಹಾಕಿದರು.

೪. ಲಗತ್ತು

ಇದರಲ್ಲಿ ನಗುವ ಭಾಗ ಕಡಿಮೆ. ಒಂದು ಬೆಳಿಗ್ಗೆ ನನ್ನ ಮಗಳು ಅಂಗನವಾಡಿಗೆ ಹೋಗುವಾಗ ಲಾರಿಯೊಂದು ಬ್ರೇಕೂ ಹಾಕದೆ ಹೋಯಿತು. ಟೀಚರಮ್ಮ ಜುಟ್ಟು ಹಿಡಿದು ಎಳೆದರು. ಒಂದು ಚಪ್ಪಲಿ ರಸ್ತೆಯಲ್ಲೇ ಉಳಿದು ಅಪ್ಪಚ್ಚಿಯಾಯಿತು. ನಾಲ್ಕು ವರ್ಷದ ಮಗು ಅದು.

ಟೀಚರಮ್ಮ ನನ್ನ ಅಂಗಡಿಯಲ್ಲೇ ಅರ್ಜಿ ಟೈಪ್ ಮಾಡಿಸಿದರು, ನಮ್ಮಲ್ಲಿಗೂ ಒಂದು ಕ್ಯಾಮೆರಾ ಬೇಕು ಅಂತ. ಉತ್ತರ ಬೇಗ ಬಂತು, ಅದು ಒಪ್ಪಬೇಕಾದ ಮಾತು. ಸದರಿ ಸ್ಥಳದಲ್ಲಿ ಅಪಘಾತ ದಾಖಲಾಗಿಲ್ಲ. ಆಗಿದ್ದಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಲಗತ್ತಿಸಿ ಮತ್ತೆ ಅರ್ಜಿ ಹಾಕುವುದು. ಟೀಚರಮ್ಮ ಅಪ್ಪಚ್ಚಿಯಾದ ಚಪ್ಪಲಿಯನ್ನೇ ಲಗತ್ತಿಸಿ ಕಳಿಸಿದರು.

ಅದಕ್ಕೂ ಉತ್ತರ ಬಂತು. ಲಗತ್ತು ಎರಡು ಪ್ರತಿಗಳಲ್ಲಿ ಬೇಕಂತೆ.

೫. ಭಾನುವಾರದ ಸರದಿ

ಆ ಉತ್ತರ ಓದಿದ ದಿನವೇ ಟೀಚರಮ್ಮ, ನಾನು, ಬಾಮೈದ ಮೂವರೂ ಕೂತು ತೀರ್ಮಾನ ಮಾಡಿದೆವು. ಹಳೆಯ ಹಾಲಿನ ಕ್ಯಾನಿಗೆ ಬೂದಿ ಬಣ್ಣ ಬಳಿದು, ಬಾಯಿಗೆ ಗಾಜು ಕೂರಿಸಿ, ಅಂಗನವಾಡಿಯ ಮುಂದೆ ಕಂಬಕ್ಕೆ ಬಿಗಿದೆವು. ಬಿಗಿದವನು ಇಲಾಖೆಯ ಕೆಲಸದವನೇ ಆದ್ದರಿಂದ ಯಾರೂ ಅನುಮಾನ ಪಡಲಿಲ್ಲ. ಲಾರಿಗಳು ದೂರದಿಂದಲೇ ಬಾಲ ಮುದುರಿಕೊಂಡು ಬರತೊಡಗಿದವು. ನನ್ನ ಮಗಳು ಕೈ ಬೀಸಿಕೊಂಡು ದಾಟುವುದನ್ನು ನೋಡಿ ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ನಮ್ಮ ಕಡೆಗೆ ಹೊಸ ಸಾಹೇಬರು ಬಂದರು. ಕ್ಯಾನನ್ನು ಹಿಂದಿನವರು ಹಾಕಿಸಿದ ಕ್ಯಾಮೆರಾ ಅಂದುಕೊಂಡರು. ಬಾಮೈದನನ್ನು ಕಂಬದ ಕೆಳಗೆ ನಿಲ್ಲಿಸಿ ಕೇಳಿದರು. “ಇಷ್ಟು ಟ್ರಾಫಿಕ್ ಐತೆ, ಒಂದು ಚಲಾನೂ ಇಲ್ಲ. ಎಂದುಕು? ಯಾಕೆ?”

ಬಾಮೈದ ಕಂಬದ ಮೇಲಕ್ಕೆ ನೋಡಿದ. ನಿಜ ಹೇಳಿದರೆ ಕೆಲಸ ಹೋಗುತ್ತದೆ. “ಮಿಷನ್ ವೀಕು ಸಾರ್” ಅಂದ.

ಸಾಹೇಬರು ಗಡ್ಡ ಕೆರೆದುಕೊಂಡು ಆಡಳಿತದ ತೀರ್ಮಾನ ಕೊಟ್ಟರು. “ಇಳಿಜಾರಿನ ಮಿಷನ್ ಚೆನ್ನಾಗಿ ದುಡೀತದೆ, ಅದನ್ನ ತಂದು ಇಲ್ಲಿ ಹಾಕು. ಈ ವೀಕ್‌ದನ್ನ ಅಲ್ಲಿಗೆ ಹಾಕು. ಇಳಿಜಾರು ಕದಾ, ಅಲ್ಲಿ ಯಾವುದಿಟ್ರೂ ಹಿಡೀತದೆ.”

ಮರುದಿನವೇ ಹಾಲಿನ ಕ್ಯಾನು ಸರ್ಕಾರಿ ಜೀಪಿನಲ್ಲಿ ಕೂತು ಉಡಗಳನ್ನು ಕಾಯಲು ಹೊರಟಿತು. ಅಸಲಿ ಕ್ಯಾಮೆರಾ ನಮ್ಮ ಅಂಗನವಾಡಿಗೆ ಬಂತು. ಬಾಮೈದ ಈ ಸಲ ಕುಂಕುಮವನ್ನು ಲೆನ್ಸಿಗೆ ತಾಗದಂತೆ ಪಕ್ಕದಲ್ಲಿಟ್ಟ.

ಸುಖ ಹೆಚ್ಚು ದಿನ ಉಳಿಯಲಿಲ್ಲ. ನಮ್ಮೂರಿನಲ್ಲಿ ನಿಧಾನಕ್ಕೆ ಹೋಗುವುದು ಎಲ್ಲರಿಗೂ ಅಷ್ಟರಲ್ಲಿ ರೂಢಿಯಾಗಿತ್ತು. ಒಂದು ವಾಹನವೂ ಸಿಕ್ಕಿಬೀಳಲಿಲ್ಲ. ಇಳಿಜಾರಿನದು ವೀಕು ಅಂತ ಸಾಹೇಬರೇ ಬರೆದಿದ್ದರಿಂದ ಅದರ ಲೆಕ್ಕ ಯಾರೂ ಕೇಳಲಿಲ್ಲ. ಇಲಾಖೆಯಿಂದ ಬಾಮೈದನಿಗೆ ಕಾಗದ ಬಂತು. ಈ ಸ್ಥಳದಲ್ಲಿ ಆದಾಯವಿಲ್ಲ. ಒಂದು ತಿಂಗಳು ನೋಡಿ, ಪರಿಸ್ಥಿತಿ ಸುಧಾರಿಸದಿದ್ದರೆ ಕ್ಯಾಮೆರಾ ತೆಗೆಯಲಾಗುವುದು. ಮಕ್ಕಳು ಸಾಯದೆ ಇರುವುದಕ್ಕೆ ಕೆಟ್ಟ ಪರಿಸ್ಥಿತಿ ಅಂತ ಹೆಸರಿದೆ ಅನ್ನುವುದು ನನಗೆ ಅವತ್ತೇ ಗೊತ್ತಾಗಿದ್ದು.

ಮುಂದಿನ ವಾರ ಟೀಚರಮ್ಮ ಅಂಗಡಿಗೆ ಬಂದು ಗಂಡನ ಬೈಕಿನ ನಂಬರು ಹೇಳಿದರು. ನೋಡಿದರೆ ಚಲಾನು! ಅಂಗನವಾಡಿಯ ಮುಂದೆ, ಅರವತ್ತೆಂಟು. ಫೋಟೋದಲ್ಲಿ ಸೆರಗು ಸೊಂಟಕ್ಕೆ ಕಟ್ಟಿಕೊಂಡು ಓಡಿಸುತ್ತಿರುವವರು ಸ್ವತಃ ಟೀಚರಮ್ಮ.

“ಏನು ಟೀಚರಮ್ಮ, ನೀವೇ ಹಿಂಗೆ ಮಾಡೋದಾ?”

“ಇನ್ನೇನ್ ಮಾಡ್ಲಪ್ಪ? ದುಡೀದಿದ್ರೆ ಕಿತ್ಕಂಡು ಹೋಯ್ತಾರಂತಲ್ಲ. ಭಾನುವಾರ ಮಕ್ಳು ಇರಾಕಿಲ್ಲ. ಆ ಕಡೆ ಈ ಕಡೆ ಜನ ನಿಲ್ಲಿಸಿ ರಸ್ತೆ ಖಾಲಿ ಮಾಡ್ಸಿ ಒಂದ್ಸಲ ಹೊಡ್ದೆ. ಎದೆ ಹೆಂಗೆ ಬಡ್ಕಂತು ಅಂತೀಯ!” ಅಂದರು. ಆಮೇಲೆ ಚೀಲದಿಂದ ಅಂಗನವಾಡಿಯ ಹಾಜರಿ ಪುಸ್ತಕ ತೆಗೆದರು. ಮಕ್ಕಳ ಹೆಸರಿನ ಮುಂದೆ ಅಪ್ಪಂದಿರ ಗಾಡಿ ನಂಬರು, ಅದರ ಮುಂದೆ ಭಾನುವಾರದ ತಾರೀಖು. ಇಡೀ ಊರಿಗೆ ಸರದಿ ಹಾಕಿದ್ದರು.

ದಂಡದ ದುಡ್ಡು ಕಟ್ಟಿ ರಸೀದಿ ಕೊಟ್ಟೆ. ಟೀಚರಮ್ಮ ಅದನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು. ಮೆಟ್ಟಿಲು ಇಳಿಯುತ್ತಾ ತಿರುಗಿ ಹೇಳಿದರು.

“ಬರೋ ಭಾನುವಾರ ನಿಂದು ಕಣಪ್ಪ. ಹೆಲ್ಮೆಟ್ ಹಾಕ್ಕಂಡೇ ಬಾ. ಒಬ್ಬನೇ ಎರಡು ಚಲಾನ್ ಹಾಕಿಸ್ಕಂಡ್ರೆ ಬ್ಯಾರೆಯೋರ ಸರದಿ ಕೆಡ್ತದೆ.”